ಮೂರು ಮೀಟರ್ ಬೆಳಕು: ಪುಟ್ಟ ಫಿಲ್ಮ್ ಕ್ಯಾಮೆರಾಕ್ಕೆ ಎಂಥ ಫ್ಲ್ಯಾಶ್ ಕೊಳ್ಳಬೇಕು?

ಫ್ಲ್ಯಾಶ್ ಕೊಳ್ಳಲು ಹೊರಡುವ ಮೊದಲು ಮನೆಯಲ್ಲಿರುವ ಅಳತೆ ಟೇಪು ಹುಡುಕಿ ತನ್ನಿ. ಹಾಲಿನ ಒಂದು ಗೋಡೆಗೆ ಬೆನ್ನು ಆನಿಸಿ ನಿಂತು, ನೀವು ಸಾಮಾನ್ಯವಾಗಿ ಯಾರ ಫೋಟೊ ತೆಗೆಯುತ್ತೀರೋ ಅವರು ಕೂರುವ ಜಾಗದವರೆಗೆ ಅಳೆಯಿರಿ. ನಮ್ಮ ಮನೆಯಲ್ಲಿ ಅದು ಎರಡೂಮುಕ್ಕಾಲು ಮೀಟರ್. ಅಕ್ಕನ ಮನೆಯಲ್ಲಿ ಮೂರಕ್ಕೆ ಒಂದು ಚೂರು ಹೆಚ್ಚು. ಹುಟ್ಟುಹಬ್ಬದ ಕೇಕು, ಆರತಿ ತಟ್ಟೆ, ತೊಟ್ಟಿಲು, ಊಟದ ಪಂಕ್ತಿಯ ಮೊದಲ ನಾಲ್ಕು ಎಲೆ, ಎಲ್ಲವೂ ಈ ಮೂರು ಮೀಟರಿನೊಳಗೇ ಮುಗಿದುಹೋಗುತ್ತವೆ. ನಿಮ್ಮ ಫ್ಲ್ಯಾಶ್ ಬೆಳಗಬೇಕಾದದ್ದು ಇಷ್ಟೇ ಜಾಗವನ್ನು. ಈ ಲೆಕ್ಕ ತಲೆಯಲ್ಲಿ ಇಲ್ಲದೆ ಅಂಗಡಿಗೆ ಹೋದವರು ಕ್ಯಾಮೆರಾಕ್ಕಿಂತ ಭಾರದ ಫ್ಲ್ಯಾಶ್ ಹೊತ್ತು ತಂದು, ಎರಡು ರೀಲಿನ ನಂತರ ಅದನ್ನು ಬೀರುವಿಗೆ ಸೇರಿಸುತ್ತಾರೆ. ನಾನೂ ಮೊದಲ ಸಲ ಹಾಗೇ ಮಾಡಿದ್ದೆ.

ನನ್ನದು ಒಲಿಂಪಸ್ ಟ್ರಿಪ್ 35, ಸೋದರಮಾವ ಕೊಟ್ಟದ್ದು. 1967ರಿಂದ 1984ರವರೆಗೆ ತಯಾರಾದ ಕ್ಯಾಮೆರಾ ಅದು. ಸೆಲ್ ಬೇಡ, ಲೆನ್ಸ್ ಸುತ್ತಲಿನ ಸೆಲೆನಿಯಂ ಪಟ್ಟಿಯೇ ಬೆಳಕು ಅಳೆಯುತ್ತದೆ. ಹಗಲಲ್ಲಿ ಅದಕ್ಕೆ ಸಾಟಿಯಿಲ್ಲ. ಸಂಜೆ ಮನೆಯೊಳಗೆ ಬಂದರೆ ಮಾತ್ರ ಕಿಂಡಿಯಲ್ಲಿ ಕೆಂಪು ಪಟ್ಟಿ ಎದ್ದು ನಿಲ್ಲುತ್ತದೆ, ಬಟನ್ ಒತ್ತಲು ಬಿಡುವುದಿಲ್ಲ. ಇಂಥ ಕ್ಯಾಮೆರಾ ಕೈಯಲ್ಲಿರುವವರಿಗೆ, ಹೆಚ್ಚು ದುಡ್ಡು ಸುರಿಯದೆ, ಜೇಬಿನಲ್ಲಿ ಇಟ್ಟುಕೊಳ್ಳಬಹುದಾದ ಫ್ಲ್ಯಾಶ್ ಯಾವುದು ಎಂಬುದನ್ನೇ ಇಲ್ಲಿ ಹೋಲಿಸಿ ನೋಡುತ್ತಿದ್ದೇನೆ.

ಮೂರು, ಎಂಟು, ನಾನೂರು

ಮೂರು ಮೀಟರ್ ಆಯಿತು. ಎರಡನೆಯ ಸಂಖ್ಯೆ ಎಂಟು, ಅಂದರೆ ಎಫ್ 8. ಲೆನ್ಸಿನೊಳಗಿನ ತೂತು, ಅಂದರೆ ಅಪರ್ಚರ್, ಎಷ್ಟು ತೆರೆದಿದೆ ಎಂದು ಹೇಳುವ ಸಂಖ್ಯೆ ಇದು; ಸಂಖ್ಯೆ ದೊಡ್ಡದಾದಷ್ಟೂ ತೂತು ಕಿರಿದು. ಪುಟ್ಟ ಕ್ಯಾಮೆರಾಗಳಲ್ಲಿ ಬಹಳಷ್ಟು ಅಂದಾಜಿನ ಫೋಕಸ್‌ನವು: ತಲೆ, ಇಬ್ಬರು, ಗುಂಪು, ಬೆಟ್ಟ ಎಂಬ ಚಿತ್ರಗಳಲ್ಲಿ ಒಂದಕ್ಕೆ ತಿರುಗಿಸಿ ಕ್ಲಿಕ್ ಮಾಡುವುದು. 40 ಎಂಎಂ ಲೆನ್ಸನ್ನು ಮೂರು ಮೀಟರಿಗೆ ಇಟ್ಟು ಎಫ್ 8ರಲ್ಲಿ ತೆಗೆದರೆ ಸುಮಾರು ಎರಡು ಮೀಟರಿನಿಂದ ಐದು ಮೀಟರಿನವರೆಗೆ ಎಲ್ಲವೂ ಸ್ಪಷ್ಟವಾಗಿ ಬರುತ್ತದೆ. ಅಂದಾಜು ಒಂದಡಿ ಆಚೀಚೆಯಾದರೂ ಮುಖ ಮಂಜಾಗುವುದಿಲ್ಲ. ಅದೇ ಎಫ್ 2.8ರಲ್ಲಿ ಈ ಸಲುಗೆ ಸಿಗದು. ಹಾಗಾಗಿ ಮನೆಯೊಳಗಿನ ಫ್ಲ್ಯಾಶ್ ಫೋಟೊಗೆ ಎಫ್ 8 ನನ್ನ ಕಾಯಂ ಜಾಗ.

ಮೂರನೆಯದು ಫಿಲ್ಮಿನ ವೇಗ, ಅಂದರೆ ಅದು ಎಷ್ಟು ಕಡಿಮೆ ಬೆಳಕಿಗೆ ಸ್ಪಂದಿಸುತ್ತದೆ ಎಂದು ಹೇಳುವ ಐಎಸ್‌ಒ ಸಂಖ್ಯೆ. ರಾತ್ರಿಗೆ ನಾನು ಹಾಕುವುದು 400ರ ರೀಲು. ಕಲರ್ ಬೇಕಿದ್ದರೆ ಕೊಡಾಕ್ ಅಲ್ಟ್ರಾಮ್ಯಾಕ್ಸ್, ಕಪ್ಪು-ಬಿಳುಪಾದರೆ ಇಲ್‌ಫೋರ್ಡ್ ಎಚ್‌ಪಿ5 ಅಥವಾ ಕೆಂಟ್‌ಮಿಯರ್.

ಈಗ ಗೈಡ್ ನಂಬರ್. ಫ್ಲ್ಯಾಶಿನ ಶಕ್ತಿಯನ್ನು ಹೇಳುವ ಸಂಖ್ಯೆ ಇದು. ದೂರವನ್ನು ಅಪರ್ಚರ್‌ನಿಂದ ಗುಣಿಸಿದರೆ ಬರುವುದೇ ಗೈಡ್ ನಂಬರ್, ಸಾಮಾನ್ಯವಾಗಿ ಐಎಸ್‌ಒ 100ಕ್ಕೆ ಲೆಕ್ಕ. ಫಿಲ್ಮ್ 400 ಆದರೆ ಆ ಸಂಖ್ಯೆ ಇಮ್ಮಡಿ, 200 ಆದರೆ 1.4 ಪಟ್ಟು. ನಮಗೆ ಬೇಕಾದದ್ದು ಮೂರು ಗುಣಿಸು ಎಂಟು, ಅಂದರೆ 24. ಅದು 400ರ ಫಿಲ್ಮಿಗೆ. ಐಎಸ್‌ಒ 100ಕ್ಕೆ ಇಳಿಸಿದರೆ 12. ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳುವಷ್ಟು ಪುಟ್ಟ ಫ್ಲ್ಯಾಶಿಗೂ ಗೈಡ್ ನಂಬರ್ 12 ಇರುತ್ತದೆ! 200ರ ರೀಲು ಹಾಕುವವರಾದರೆ 17 ಬೇಕು, ಅಥವಾ ಅದೇ 12ರ ಫ್ಲ್ಯಾಶಿನಲ್ಲಿ ಎಫ್ 5.6ಕ್ಕೆ ತೆರೆಯಬೇಕು.

ಹೆಚ್ಚು ಶಕ್ತಿಯಿದ್ದರೆ ತಪ್ಪೇನು ಎಂದು ಕೇಳಬಹುದು. ವಿವಿಟಾರ್ 283 ಎಂಬ ಹೆಸರಾಂತ ಹಳೆಯ ಫ್ಲ್ಯಾಶ್ ತೆಗೆದುಕೊಳ್ಳಿ. ಗೈಡ್ ನಂಬರ್ 36. 400ರ ಫಿಲ್ಮಿನಲ್ಲಿ ಅದು 72 ಆಗುತ್ತದೆ. ಪೂರ್ತಿ ಶಕ್ತಿಯಲ್ಲಿ ಹೊಡೆದರೆ ಮೂರು ಮೀಟರಿಗೆ ಎಫ್ 24 ಬೇಕು, ಟ್ರಿಪ್ 35ರ ಲೆನ್ಸು ಮುಚ್ಚುವುದೇ ಎಫ್ 22ರವರೆಗೆ. ಒಂದೂವರೆ ಮೀಟರಿನಲ್ಲಿ ಕೂತ ಮಗುವಿನ ಮುಖ ಬರೀ ಬಿಳಿ. ಮದುವೆ ಮಂಟಪದ ತುದಿಯವರೆಗೆ ಬೆಳಕು ಚೆಲ್ಲಲು ಮಾಡಿದ ಯಂತ್ರ ಅದು.

ಸಂಖ್ಯೆ ಓದುವಾಗ ಒಂದು ಎಚ್ಚರ. ಹಳೆಯ ಡಬ್ಬಗಳ ಮೇಲೆ ಗೈಡ್ ನಂಬರನ್ನು ಅಡಿಯಲ್ಲಿ ಬರೆದಿರುತ್ತಾರೆ. ಅದೇ 283ರ ಮೇಲೆ 120 ಎಂದು ಕಂಡರೆ ಬೆಚ್ಚಬೇಡಿ, 3.3ರಿಂದ ಭಾಗಿಸಿ ಮೀಟರಿಗೆ ತನ್ನಿ. ಕೆಲವು ಹೊಸ ಫ್ಲ್ಯಾಶ್‌ಗಳಲ್ಲಿ ಜೂಮ್ ತಲೆಯನ್ನು ಪೂರ್ತಿ ಮುಂದಕ್ಕೆ ಎಳೆದಾಗಿನ ಸಂಖ್ಯೆಯನ್ನು ದೊಡ್ಡದಾಗಿ ಅಚ್ಚು ಹಾಕುತ್ತಾರೆ. ನಿಮ್ಮ ಲೆನ್ಸ್ 35 ಅಥವಾ 40 ಎಂಎಂ, ಆ ಜಾಗದ ಸಂಖ್ಯೆಯನ್ನೇ ನೋಡಿ.

ಕ್ಯಾಮೆರಾ ಒಪ್ಪಬೇಕಲ್ಲ

ಎಷ್ಟೇ ಒಳ್ಳೆಯ ಫ್ಲ್ಯಾಶ್ ತಂದರೂ ಕೂರಿಸುವ ಜಾಗ ಇರಬೇಕು. ಟ್ರಿಪ್ 35ರ ನೆತ್ತಿಯ ಮೇಲೆ ಹಾಟ್ ಶೂ, ಅಂದರೆ ಫ್ಲ್ಯಾಶ್ ಜಾರಿಸಿ ಕೂರಿಸುವ ಕರೆಂಟು ಹರಿಯುವ ಹಿಡಿ, ಇದೆ, ನಡುವಿನ ಒಂದೇ ಬಿಂದು ತಾಗಿದರೆ ಸಾಕು, ಯಾವ ಕಂಪನಿಯ ಸಾದಾ ಫ್ಲ್ಯಾಶ್ ಆದರೂ ಹೊತ್ತಿಕೊಳ್ಳುತ್ತದೆ. ಲೆನ್ಸ್ ಮೇಲಿನ ಬಳೆಯನ್ನು ಎ ಗುರುತಿನಿಂದ ಬಿಡಿಸಿ ನಿಮಗೆ ಬೇಕಾದ ಎಫ್ ಸಂಖ್ಯೆಗೆ ತಿರುಗಿಸಿದರೆ ಶಟರ್ ತಾನೇ 1/40 ಸೆಕೆಂಡಿಗೆ ಬರುತ್ತದೆ, ಕೆಂಪು ಪಟ್ಟಿಯ ಕಾಟವೂ ಇಲ್ಲ. ಯಾಷಿಕಾ ಎಲೆಕ್ಟ್ರೋ 35 ಜಿಎಸ್‌ಎನ್‌ನಲ್ಲೂ ಹಾಟ್ ಶೂ ಇದೆ, ಮಿಂಚಿನ ಗುರುತಿಗೆ ತಿರುಗಿಸಿದರೆ 1/30. ಇದರ ಮೊದಲಿನ ಎಲೆಕ್ಟ್ರೋಗಳಲ್ಲಿ ಮೇಲಿರುವುದು ಬರೀ ಲೋಹದ ಹಿಡಿ, ಕರೆಂಟು ಹರಿಯುವುದು ಪಕ್ಕದ ಪುಟ್ಟ ತೂತಿಗೆ ಸಿಕ್ಕಿಸುವ ವೈರಿನಿಂದ. ಅಂಥ ಕ್ಯಾಮೆರಾ ಇದ್ದರೆ ವೈರ್ ಇರುವ ಫ್ಲ್ಯಾಶನ್ನೇ ಹುಡುಕಿ.

ಒಲಿಂಪಸ್ ಎಕ್ಸ್‌ಎ ಇಟ್ಟುಕೊಂಡವರಿಗೆ ಹೋಲಿಕೆಯ ತಲೆನೋವೇ ಇಲ್ಲ. 1979ರ ಆ ಕ್ಯಾಮೆರಾಕ್ಕೆ ಅದರ ವಿನ್ಯಾಸಕಾರ ಯೋಷಿಹಿಸಾ ಮೈತಾನಿ ಹಾಟ್ ಶೂ ಇಡಲೇ ಇಲ್ಲ, ಎಡಬದಿಗೆ ತಿರುಪಿನಿಂದ ಕೂರುವ ಎ11 ಎಂಬ ಫ್ಲ್ಯಾಶ್ ಕೊಟ್ಟರು. ಒಂದೇ ಒಂದು ಪೆನ್ಸಿಲ್ ಸೆಲ್ ಸಾಕು. ಸ್ವಲ್ಪ ಹೆಚ್ಚು ಬೆಳಕು ಬೇಕೆಂದರೆ ಎ16 ಇದೆ. ಹೀಗೆ ಬದಿಗೆ ಕೂರುವ ಒಲಿಂಪಸ್‌ನದೇ ಫ್ಲ್ಯಾಶ್ ಬಿಟ್ಟರೆ ಅದಕ್ಕೆ ಬೇರೆ ದಾರಿಯಿಲ್ಲ. ಎಕ್ಸ್‌ಎ ಕೊಳ್ಳುವಾಗಲೇ ಫ್ಲ್ಯಾಶ್ ಜೊತೆಗಿರುವ ಸೆಟ್ ಕೇಳಿ. ಬಿಡಿಯಾಗಿ ಆಮೇಲೆ ಹುಡುಕುವುದು ಕಷ್ಟ.

ರೋಲಾಯ್ 35ರದು ಇನ್ನೂ ವಿಚಿತ್ರ. 1966ರಲ್ಲಿ ಬಂದ ಈ ಪುಟಾಣಿಯ ಹಾಟ್ ಶೂ ಇರುವುದು ಕೆಳಗೆ, ಹೊಟ್ಟೆಯ ಭಾಗದಲ್ಲಿ. ಹಾಗೇ ಹಿಡಿದು ತೆಗೆದರೆ ಮೂಗಿನ ನೆರಳು ಹಣೆಯ ಕಡೆ ಹೋಗಿ ಮುಖ ದೆವ್ವದ ಮುಖದಂತಾಗುತ್ತದೆ. ಕ್ಯಾಮೆರಾವನ್ನೇ ತಲೆಕೆಳಗು ಮಾಡಿ ಹಿಡಿಯಬೇಕು. ನಾಲ್ಕು ದಿನದಲ್ಲಿ ರೂಢಿಯಾಗುತ್ತದೆ, ಆದರೆ ಭಾರದ ಫ್ಲ್ಯಾಶ್ ತೂಗುಬಿದ್ದರೆ ಬೆರಳು ಬಟನ್ ಹುಡುಕಿ ಸೋಲುತ್ತದೆ. ರೋಲಾಯ್‌ಗೆ ಎಷ್ಟು ಹಗುರವೋ ಅಷ್ಟು ಒಳ್ಳೆಯದು.

ಕೋನಿಕಾ ಸಿ35 ನನಗೆ ಬಹಳ ಇಷ್ಟವಾದ ಕ್ಯಾಮೆರಾ. ಫ್ಲ್ಯಾಶಿನ ಗೈಡ್ ನಂಬರನ್ನು ಲೆನ್ಸಿನ ಬಳೆಯ ಮೇಲೆ ಒಮ್ಮೆ ಇಟ್ಟರೆ ಮುಗಿಯಿತು. ನೀವು ಫೋಕಸ್ ಮಾಡಿದ ಹಾಗೆ ಅಪರ್ಚರ್ ತಾನಾಗಿ ತೆರೆದು ಮುಚ್ಚುತ್ತದೆ. ಲೆಕ್ಕವನ್ನು ಕ್ಯಾಮೆರಾನೇ ಮಾಡುವಾಗ ಜಾಣ ಫ್ಲ್ಯಾಶ್ ಯಾಕೆ? ಇದಕ್ಕೆ ಅತಿ ಅಗ್ಗದ, ಒಂದೇ ಶಕ್ತಿಯ ಫ್ಲ್ಯಾಶ್ ಸಾಕು. ಅದೇ ಕೋನಿಕಾ ಕಂಪನಿ 1975ರಲ್ಲಿ ಸಿ35 ಇಎಫ್ ತಂದು ಎಲೆಕ್ಟ್ರಾನಿಕ್ ಫ್ಲ್ಯಾಶನ್ನು ಕ್ಯಾಮೆರಾದೊಳಗೇ ಕೂರಿಸಿತು. ನಮ್ಮಲ್ಲಿ ಆಮೇಲೆ ಮನೆಮನೆಗೆ ಬಂದ ಯಾಷಿಕಾ ಎಂಎಫ್-2 ಅದೇ ದಾರಿಯದು. ಅಂಥದ್ದು ನಿಮ್ಮಲ್ಲಿದ್ದರೆ ಈ ಬರಹದ ಉಳಿದ ಭಾಗ ನಿಮಗೆ ಬೇಕಿಲ್ಲ.

ಈ ಪುಟ್ಟ ಕ್ಯಾಮೆರಾಗಳಲ್ಲಿ ಬಹುಪಾಲಿನವುಗಳ ಶಟರ್ ಲೆನ್ಸಿನೊಳಗೇ ಇರುತ್ತದೆ, ಲೆನ್ಸ್ ಬದಲಿಸಬಲ್ಲ ದೊಡ್ಡ ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಫಿಲ್ಮಿನ ಮುಂದೆ ಓಡುವ ಪರದೆಯಂತಲ್ಲ; ಎಷ್ಟೇ ವೇಗದಲ್ಲೂ ಅದು ಒಮ್ಮೆ ಪೂರ್ತಿ ತೆರೆದುಕೊಳ್ಳುತ್ತದೆ. ಹಾಗಾಗಿ ರೋಲಾಯ್ 35ರಂಥವು 1/500ರಲ್ಲೂ ಫ್ಲ್ಯಾಶ್ ಜೊತೆ ಸರಿಹೊಂದುತ್ತವೆ. ಇದೊಂದು ದೊಡ್ಡ ವರ. ಸುಡುಬಿಸಿಲಲ್ಲಿ ಪೇಟದ ಕೆಳಗೆ ಕಪ್ಪಾದ ಮುಖವನ್ನು, 200ರ ಫಿಲ್ಮ್, ಎಫ್ 11, 1/500 ಇಟ್ಟು, 12ರ ಪುಟ್ಟ ಫ್ಲ್ಯಾಶಿನಿಂದಲೇ ಎರಡು ಮೀಟರ್ ದೂರದವರೆಗೆ ತಿಳಿಯಾಗಿ ಬೆಳಗಬಹುದು. 1/40ರ ಟ್ರಿಪ್‌ನಲ್ಲಿ ಇದು ಆಗದ ಕೆಲಸ. ಹಳೆಯ ಕ್ಯಾಮೆರಾದಲ್ಲಿ ಎಂ ಮತ್ತು ಎಕ್ಸ್ ಎಂಬ ಕೀಲಿ ಕಂಡರೆ ಎಕ್ಸ್‌ನಲ್ಲೇ ಇಡಿ. ಎಂ ಇರುವುದು ಒಮ್ಮೆ ಉರಿದು ಹೋಗುವ ಹಳೆಯ ಬಲ್ಬುಗಳಿಗೆ.

ಹಳೆಯ ಆಟೊ ಫ್ಲ್ಯಾಶ್

ಬೆಂಗಳೂರಿನಲ್ಲಿ ಇರುವವರು ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿಗೆ ಬೆಳಿಗ್ಗೆ ಬೇಗ ಹೋಗಿ. ಸ್ಟುಡಿಯೊಗಳು ಮುಚ್ಚಿದಾಗ ಹೊರಬಿದ್ದ ನ್ಯಾಷನಲ್, ಸನ್‌ಪ್ಯಾಕ್, ವಿವಿಟಾರ್ ಫ್ಲ್ಯಾಶ್‌ಗಳು ಮಿಕ್ಸಿ ಜಾರುಗಳ ಪಕ್ಕದಲ್ಲಿ ಸಿಗುತ್ತವೆ. ಊರಲ್ಲಿರುವವರಿಗೆ ಇನ್ನೂ ಒಳ್ಳೆಯ ಜಾಗವೆಂದರೆ ಹಳೆಯ ಸ್ಟುಡಿಯೊದ ಯಜಮಾನರು. ಅವರ ಮೇಜಿನ ಕೆಳಖಾನೆಯಲ್ಲಿ ಒಂದಾದರೂ ಇದ್ದೇ ಇರುತ್ತದೆ, ಕೇಳಿದರೆ ಬಳಸುವ ಬಗೆಯನ್ನೂ ಹೇಳಿಕೊಡುತ್ತಾರೆ.

ಇವುಗಳಲ್ಲಿ ಹುಡುಕಬೇಕಾದದ್ದು ಮುಂಭಾಗದಲ್ಲಿ ಹೆಸರುಕಾಳಿನಷ್ಟು ದೊಡ್ಡ ಕಣ್ಣು ಇರುವಂಥದ್ದನ್ನು. ಆ ಕಣ್ಣು ಎದುರಿನಿಂದ ಮರಳಿ ಬರುವ ಬೆಳಕನ್ನು ನೋಡಿ, ಸಾಕೆನಿಸಿದ ಕ್ಷಣ ಫ್ಲ್ಯಾಶನ್ನು ತಡೆಯುತ್ತದೆ. ನೀವು ಮಾಡಬೇಕಾದ್ದು ಹಿಂಬದಿಯ ಪಟ್ಟಿಯಲ್ಲಿ 400ರ ಸಾಲು ಹುಡುಕಿ, ಅದು ಹೇಳುವ ಅಪರ್ಚರನ್ನು ಕ್ಯಾಮೆರಾದಲ್ಲಿ ಇಡುವುದು. ಎದುರಿನವರು ಒಂದೂವರೆ ಮೀಟರಿಗೆ ಬಂದರೂ, ಮೂರಕ್ಕೆ ಸರಿದರೂ ಲೆಕ್ಕ ಮಾಡಬೇಕಿಲ್ಲ. ಮಕ್ಕಳು ಓಡಾಡುವ ಮನೆಯಲ್ಲಿ ಇದಕ್ಕಿಂತ ದೊಡ್ಡ ಸೌಕರ್ಯ ನಾನು ಕಂಡಿಲ್ಲ. ಕಣ್ಣಿರುವ ಫ್ಲ್ಯಾಶ್‌ಗಳಲ್ಲೂ ಥೈರಿಸ್ಟರ್ ಎಂದು ಬರೆದದ್ದು ಮೇಲು, ಅದು ಉಳಿದ ವಿದ್ಯುತ್ತನ್ನು ಮುಂದಿನ ಫೋಟೊಗೆ ಕಾದಿಡುತ್ತದೆ. ಅದಿಲ್ಲದ ಹಳೆಯವು ಮಿಕ್ಕಿದ್ದನ್ನು ಒಳಗೇ ಸುರಿದುಬಿಡುತ್ತವೆ, ಹಾಗಾಗಿ ಪ್ರತಿ ಸಲವೂ ಪೂರ್ತಿ ಹೊತ್ತು ಕಾಯಬೇಕು. ಎರಡು ಆಟೊ ಅಪರ್ಚರ್ ಇರುವುದು ಸಿಕ್ಕರೆ ಬಿಡಬೇಡಿ. ಒಂದೇ ಇದ್ದರೆ ಅದು ನಿಮ್ಮ ಫಿಲ್ಮಿಗೆ ಎಫ್ 8ರ ಆಸುಪಾಸು ಇದೆಯೇ ನೋಡಿ.

ಆ ಕಣ್ಣೂ ಮೋಸಹೋಗುತ್ತದೆ. ಬಿಳಿ ಪಂಚೆ ಉಟ್ಟವರ ಹಿಂದೆ ಬಿಳಿ ಗೋಡೆಯಿದ್ದರೆ ಬೇಗ ಸಾಕೆಂದುಕೊಂಡು ಮುಖವನ್ನು ಕಪ್ಪಾಗಿಸುತ್ತದೆ. ಅಲ್ಲಿ ಅಪರ್ಚರನ್ನು ಅರ್ಧ ಸ್ಟಾಪ್, ಅಂದರೆ ಮುಂದಿನ ಎಫ್ ಸಂಖ್ಯೆಯ ಅರ್ಧ ದಾರಿಯವರೆಗೆ, ತೆರೆಯಿರಿ. ನೆಗೆಟಿವ್ ಫಿಲ್ಮ್ ಹೆಚ್ಚಿದ ಬೆಳಕನ್ನು ತಾಳಿಕೊಳ್ಳುತ್ತದೆ, ಕಡಿಮೆಯಾದರೆ ಕ್ಷಮಿಸುವುದಿಲ್ಲ.

ಹಳೆಯದು ಕೊಳ್ಳುವಾಗ ಸೆಲ್‌ಗಳನ್ನು ಜೇಬಿನಲ್ಲಿ ಇಟ್ಟುಕೊಂಡೇ ಹೋಗಿ. ಮೊದಲು ಸೆಲ್ ಕೂರುವ ಗೂಡು ತೆರೆದು ನೋಡಿ. ತಗಡಿನ ಮೇಲೆ ಬಿಳಿ ಪುಡಿ ಸ್ವಲ್ಪವಿದ್ದರೆ ವಿನೆಗರ್ ಹತ್ತಿಯಲ್ಲಿ ಒರೆಸಿದರೆ ಹೋಗುತ್ತದೆ, ತಗಡೇ ತಿಂದುಹೋಗಿದ್ದರೆ ಅಲ್ಲೇ ಬಿಟ್ಟು ಬನ್ನಿ. ಸೆಲ್ ಹಾಕಿ ಆನ್ ಮಾಡಿದಾಗ ಸಣ್ಣಗೆ ಸಿಳ್ಳೆಯ ಸದ್ದು ಏರುತ್ತಾ ಹೋಗಿ ಕೆಂಪು ದೀಪ ಹತ್ತಬೇಕು. ವರ್ಷಗಟ್ಟಲೆ ಸುಮ್ಮನಿದ್ದ ಕೆಪಾಸಿಟರ್, ಅಂದರೆ ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ ಭಾಗ, ಮೊದಲ ಸಲ ನಿಮಿಷಗಟ್ಟಲೆ ತೆಗೆದುಕೊಳ್ಳಬಹುದು. ದೀಪ ಹತ್ತಿದ ಮೇಲೂ ಕೆಲವು ನಿಮಿಷ ಬಿಟ್ಟು, ಏಳೆಂಟು ಸಲ ಹೊಡೆದರೆ ಅದು ಚೇತರಿಸಿಕೊಂಡು ಚುರುಕಾಗುತ್ತದೆ. ನಾನು 300 ರೂಪಾಯಿಗೆ ತಂದ ಒಂದು ಮೊದಲ ದಿನ ಸತ್ತೇಹೋಗಿದೆ ಅನ್ನಿಸಿತ್ತು, ಮಾರನೆಯ ಸಂಜೆಗೆ ಹತ್ತು ಸೆಕೆಂಡಿನಲ್ಲಿ ಸಿದ್ಧವಾಗುತ್ತಿತ್ತು. ಏನೇ ಆದರೂ ಬಿಚ್ಚಲು ಹೋಗಬೇಡಿ. ಒಳಗೆ 300 ವೋಲ್ಟಿನ ಆಸುಪಾಸು ಕೂತಿರುತ್ತದೆ, ಸೆಲ್ ತೆಗೆದ ಎಷ್ಟೋ ಹೊತ್ತಿನ ಮೇಲೂ ಹೊಡೆಯಬಲ್ಲದು.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು. ಹಳೆಯ ಫ್ಲ್ಯಾಶ್‌ಗಳಲ್ಲಿ ಕೆಲವು ಹಾಟ್ ಶೂ ಮೂಲಕ ಕ್ಯಾಮೆರಾಕ್ಕೆ ನೂರಾರು ವೋಲ್ಟ್ ದಾಟಿಸುತ್ತವೆ. ಟ್ರಿಪ್ 35, ರೋಲಾಯ್ 35ರಂಥ ಯಾಂತ್ರಿಕ ಕ್ಯಾಮೆರಾಗಳಿಗೆ ಇದರಿಂದ ತೊಂದರೆಯಿಲ್ಲ. ಎಲೆಕ್ಟ್ರಾನಿಕ್ ಒಡಲಿನ ನಂತರದ ಕ್ಯಾಮೆರಾ ಅಥವಾ ಡಿಜಿಟಲ್ ಕ್ಯಾಮೆರಾಕ್ಕೆ ಹಾಕಿದರೆ ಸರ್ಕ್ಯೂಟ್ ಸುಟ್ಟುಹೋಗಬಹುದು. ಪರೀಕ್ಷೆ ಸುಲಭ. ಫ್ಲ್ಯಾಶ್ ಆನ್ ಮಾಡಿ ದೀಪ ಹತ್ತಲು ಬಿಡಿ, ಮಲ್ಟಿಮೀಟರನ್ನು ಡಿಸಿಯ ದೊಡ್ಡ ಅಳತೆಗೆ ಇಟ್ಟು ಒಂದು ಕಡ್ಡಿಯನ್ನು ಕೆಳಗಿನ ನಡುಬಿಂದುವಿಗೆ, ಇನ್ನೊಂದನ್ನು ಪಕ್ಕದ ಲೋಹದಂಚಿಗೆ ತಾಗಿಸಿ. 24 ವೋಲ್ಟಿಗಿಂತ ಹೆಚ್ಚು ತೋರಿದರೆ ಅದನ್ನು ಯಾಂತ್ರಿಕ ಕ್ಯಾಮೆರಾಕ್ಕೆ ಮಾತ್ರ ಮೀಸಲಿಡಿ, ಮೇಲೆ ಕೆಂಪು ಟೇಪು ಅಂಟಿಸಿ. ನಾನು ಅಂಟಿಸಿದ್ದೇನೆ, ತಂಗಿ ಗೊತ್ತಿಲ್ಲದೆ ತನ್ನ ಡಿಜಿಟಲ್ ಕ್ಯಾಮೆರಾಕ್ಕೆ ಹಾಕಬಾರದು ಎಂದು.

ಹೊಸ ಪುಟಾಣಿಗಳು

ಹಳೆಯದರ ಪರೀಕ್ಷೆಗೆಲ್ಲ ಸಮಯವಿಲ್ಲದವರಿಗೆ ಈಗ ಗೋಡಾಕ್ಸ್‌ನ ಐಎಂ30 ಇದೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಗೈಡ್ ನಂಬರ್ 15, ರಿಮೋಟಿಗೆ ಹಾಕುವಂಥ ಎಎಎ ಸೆಲ್ ಎರಡು. ಬೆಲೆ ಸುಮಾರಾಗಿ ಮೂರು ನಾಲ್ಕು ಕಲರ್ ರೀಲು ಕೊಳ್ಳುವಷ್ಟು. ವೋಲ್ಟಿನ ಹೆದರಿಕೆಯಿಲ್ಲ. ಕಣ್ಣಿಲ್ಲ, ಬದಲಿಗೆ ಪೂರ್ತಿಯಿಂದ 1/64ರವರೆಗೆ ಶಕ್ತಿಯನ್ನು ಇಳಿಸುವ ಗುಂಡಿಯಿದೆ.

ಈ ಗುಂಡಿಯ ಬೆಲೆ ಗೊತ್ತಾಗುವುದು ದೀಪಾವಳಿಯ ಸಂಜೆ. ಎಫ್ 8ರಲ್ಲಿ ತೆಗೆದರೆ ಮುಖ ಬರುತ್ತದೆ, ಹಿಂದಿನ ಹಣತೆಗಳ ಬೆಳಕು ಫಿಲ್ಮಿಗೆ ಮುಟ್ಟದೆ ಎಲ್ಲ ಕತ್ತಲಾಗುತ್ತದೆ. ಎಫ್ 4ಕ್ಕೆ ತೆರೆದು, 1/40 ಅಥವಾ 1/30ರಲ್ಲಿ, ಫ್ಲ್ಯಾಶನ್ನು ಕಾಲುಭಾಗಕ್ಕೆ ಇಳಿಸಿದರೆ ಮೂರು ಮೀಟರಿನ ಮುಖವೂ ಸರಿ, ಹಣತೆಯ ಸಾಲಿನ ಹೊಂಬಣ್ಣವೂ ಉಳಿಯುತ್ತದೆ. ಒಂದೇ ಅಪರ್ಚರಿನ ಹಳೆಯ ಆಟೊ ಫ್ಲ್ಯಾಶಿಗೆ ಇದು ಬಾರದು. ಸಾವಧಾನವಾಗಿ ತೆಗೆಯುವವರಿಗೆ, ಎದುರಿನವರು ಕೂತಲ್ಲೇ ಕೂರುವವರಾದರೆ, ನನ್ನ ಮತ ಇದಕ್ಕೆ.

ಆಟೊ ಬೇಕು, ಹಳೆಯದು ಬೇಡ ಅನ್ನುವವರಿಗೆ ಅದೇ ಕಂಪನಿಯ ಲಕ್ಸ್ ಜೂನಿಯರ್. ಗೈಡ್ ನಂಬರ್ ಸರಿಯಾಗಿ ನಮ್ಮ 12. ಕಣ್ಣೂ ಇದೆ, ಶಕ್ತಿ ಇಳಿಸುವ ಗುಂಡಿಯೂ ಇದೆ, ಹಳೆಯ ಕ್ಯಾಮೆರಾದ ನೆತ್ತಿಯ ಮೇಲೆ ಚೆಂದವಾಗಿಯೂ ಕಾಣುತ್ತದೆ. ಬೆಲೆ ಮಾತ್ರ ಐಎಂ30ಕ್ಕಿಂತ ಹೆಚ್ಚು. ಆಟೊದಲ್ಲಿಟ್ಟಾಗ ಕೈಪಿಡಿ ಹೇಳಿದ ಅಪರ್ಚರನ್ನೇ ಕ್ಯಾಮೆರಾದಲ್ಲಿ ಇಡಬೇಕು ಎಂಬುದನ್ನು ಮರೆಯಬೇಡಿ. ಒಂದೇ ಫ್ಲ್ಯಾಶ್ ಕೊಂಡು ಹತ್ತು ವರ್ಷ ನಿಶ್ಚಿಂತೆಯಿಂದ ಇರುತ್ತೇನೆ ಅನ್ನುವವರು ಈ ಹೆಚ್ಚಿನ ದುಡ್ಡು ಕೊಡಬಹುದು.

ಡಿಜಿಟಲ್ ಕ್ಯಾಮೆರಾದ ಟಿಟಿಎಲ್ ಫ್ಲ್ಯಾಶನ್ನು (ಲೆನ್ಸಿನ ಮೂಲಕ ಬಂದ ಬೆಳಕನ್ನು ಕ್ಯಾಮೆರಾನೇ ಅಳೆದು ಶಕ್ತಿ ನಿರ್ಧರಿಸುವಂಥದ್ದು) ಗೆಳೆಯರು ಕೊಡುತ್ತೇವೆಂದರೆ ಅದರ ಮೈಮೇಲೆ ಶಕ್ತಿ ಇಳಿಸುವ ಗುಂಡಿ ಇದೆಯೇ ನೋಡಿ. ಚಿಕ್ಕ ಟಿಟಿಎಲ್ ಫ್ಲ್ಯಾಶ್‌ಗಳಲ್ಲಿ ಎಷ್ಟೋ ಕ್ಯಾಮೆರಾದ ಮೆನುವಿನಿಂದಲೇ ಹತೋಟಿಗೆ ಬರುವಂಥವು. ಮೆನುವೇ ಇಲ್ಲದ ಟ್ರಿಪ್ ಜೊತೆ ಅವಕ್ಕೆ ಮಾತುಕತೆ ನಡೆಯುವುದಿಲ್ಲ.

ಹೊಸದಾಗಲಿ ಹಳೆಯದಾಗಲಿ, ರೀಚಾರ್ಜ್ ಮಾಡುವ ನಿಕಲ್ ಸೆಲ್ ಹಾಕಿ. ಅದರ ವೋಲ್ಟೇಜ್ 1.2 ಆದರೂ ಒಮ್ಮೆಲೇ ಹೆಚ್ಚು ಕರೆಂಟ್ ಕೊಡಬಲ್ಲದು, ಫ್ಲ್ಯಾಶ್ ಬೇಗ ತುಂಬಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಸೆಲ್ ತೆಗೆದಿಡಿ.

ತಂದ ಮೇಲೆ

ರೀಲು ಹಾಕುವ ಮೊದಲು ಫ್ಲ್ಯಾಶ್ ಕೂರಿಸಿ ಆನ್ ಮಾಡಿ, ಕ್ಯಾಮೆರಾದ ಬೆನ್ನು ತೆರೆದು, ಅಪರ್ಚರ್ ಪೂರ್ತಿ ಬಿಚ್ಚಿ, ಬಿಳಿ ಗೋಡೆಯ ಕಡೆ ತಿರುಗಿಸಿ, ಒಳಗಿನಿಂದ ಲೆನ್ಸನ್ನು ನೋಡುತ್ತಾ ಕ್ಲಿಕ್ ಮಾಡಿ. ಪೂರ್ತಿ ದುಂಡನೆಯ ಬೆಳಕು ಫಕ್ಕನೆ ಕಂಡರೆ ಶಟರ್ ಮತ್ತು ಫ್ಲ್ಯಾಶ್ ಒಟ್ಟಿಗೆ ನಡೆಯುತ್ತಿವೆ ಎಂದರ್ಥ. ದೇವರ ಪಟಗಳ ಗಾಜಿಗೆ ನೇರ ನಿಂತು ಹೊಡೆಯಬೇಡಿ, ಸ್ವಲ್ಪ ಓರೆಯಾಗಿ ನಿಲ್ಲಿ. ಇಲ್ಲದಿದ್ದರೆ ಪಟದ ನಡುವೆ ಬಿಳಿ ಚುಕ್ಕಿಯೊಂದೇ ಉಳಿಯುತ್ತದೆ. ಜರಿ ಸೀರೆ, ಸ್ಟೀಲ್ ಪಾತ್ರೆಗೂ ಇದೇ ಮಾತು. ಯಕ್ಷಗಾನ, ಭೂತಕೋಲಗಳಿಗೆ ಹೋಗುವಾಗ ಫ್ಲ್ಯಾಶನ್ನು ಮನೆಯಲ್ಲೇ ಬಿಟ್ಟು ಹೋಗಿ. ಎದುರಿನಿಂದ ಬಡಿಯುವ ಬೆಳಕಿಗೆ ವೇಷದ ಬಣ್ಣ ಸಪ್ಪೆಯಾಗುತ್ತದೆ, ಕುಣಿಯುವವರ ಕಣ್ಣು ಕೋರೈಸುತ್ತದೆ.

ಕೊನೆಗೆ, ಗೈಡ್ ನಂಬರ್ 12ರ ಫ್ಲ್ಯಾಶ್ ಮತ್ತು 400ರ ಫಿಲ್ಮ್ ನಿಮ್ಮದಾದರೆ, ಅದರ ಬೆನ್ನ ಮೇಲೆ ಬಿಳಿ ಟೇಪು ಅಂಟಿಸಿ ಪೆನ್ನಿನಲ್ಲಿ ಹೀಗೆ ಬರೆದಿಡಿ: 1 ಮೀಟರ್ 22, ಒಂದೂವರೆ 16, 2ಕ್ಕೆ 11, 3ಕ್ಕೆ 8, 4ಕ್ಕೆ 5.6. ನನ್ನದರಲ್ಲಿ 3ಕ್ಕೆ 8 ಎಂಬ ಸಾಲು ಬೆರಳು ತಾಗಿ ತಾಗಿ ಅಳಿಸಿಹೋಗಿತ್ತು, ಹೋದ ವಾರ ಮತ್ತೆ ಬರೆದೆ.